ಎಷ್ಟು ಸೊಳ್ಳೆ ಕಡಿಮೆಯಾದರೆ ಸಾಕು? ರೊನಾಲ್ಡ್ ರಾಸ್ ಹಾಕಿದ ಲೆಕ್ಕ

ಪ್ರತಿ ವರ್ಷ ಆಗಸ್ಟ್ 20 ವಿಶ್ವ ಸೊಳ್ಳೆ ದಿನ. 1897ರಲ್ಲಿ ಇದೇ ದಿನ, ಸಿಕಂದರಾಬಾದಿನ ಬೇಗಂಪೇಟೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ಕೂತು ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯರು ಸೊಳ್ಳೆಯ ಹೊಟ್ಟೆಯನ್ನು ಸೀಳಿ ನೋಡಿದರು. ಅದರ ಗೋಡೆಯಲ್ಲಿ ಮಲೇರಿಯಾದ ಪರಾವಲಂಬಿ ಬೆಳೆಯುತ್ತಿತ್ತು. ಇಷ್ಟು ಕಥೆ ಶಾಲೆಯ ಪಠ್ಯಪುಸ್ತಕದಲ್ಲೇ ಇದೆ. ನೊಬೆಲ್ ಬಹುಮಾನ ಬಂತು ಎಂಬಲ್ಲಿಗೆ ಕಥೆ ಮುಗಿದೂ ಹೋಗುತ್ತದೆ.

ರಾಸ್ ಬದುಕು ಅಲ್ಲಿಗೆ ಮುಗಿಯಲಿಲ್ಲ. ಬಹುಮಾನ ಬಂದ ಮೇಲೂ ಅವರು 30 ವರ್ಷ ಬದುಕಿದ್ದರು. ಅದರಲ್ಲಿ ಬಹುಪಾಲನ್ನು ಒಂದೇ ಪ್ರಶ್ನೆಯ ಹಿಂದೆ ಕಳೆದರು: ಒಂದು ಊರಿನಲ್ಲಿ ಮಲೇರಿಯಾ ನಿಲ್ಲಬೇಕಾದರೆ ಎಷ್ಟು ಸೊಳ್ಳೆ ಕಡಿಮೆಯಾಗಬೇಕು? ಉತ್ತರ ಹುಡುಕಲು ಅವರು ಮೈಕ್ರೊಸ್ಕೋಪನ್ನು ಬದಿಗಿಟ್ಟು ಗಣಿತ ಹಿಡಿದರು. ಗ್ರಹಗಳ ಚಲನೆಗೆ, ನೀರಿನ ಹರಿವಿಗೆ, ಬಿಸಿ ವಸ್ತು ತಣಿಯುವುದಕ್ಕೆ ಬಳಸುತ್ತಿದ್ದ ಡಿಫರೆನ್ಷಿಯಲ್ ಸಮೀಕರಣಗಳನ್ನು ತಂದು ಊರಿನ ಜ್ವರಕ್ಕೆ ಹಚ್ಚಿದರು. ತಮ್ಮ ಮುಖ್ಯ ಕೆಲಸವೆಂದು ರಾಸ್ ಸ್ವತಃ ಭಾವಿಸಿದ್ದು ಇದನ್ನೇ. ನಾವು ನೆನಪಿಟ್ಟುಕೊಂಡಿರುವುದು ಇನ್ನೊಂದನ್ನು.

ಮನಸ್ಸಿಲ್ಲದೆ ಆದ ಡಾಕ್ಟರ್

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರದಲ್ಲಿ. ಮೀರತ್‌ನಲ್ಲಿ ಸಿಪಾಯಿಗಳು ದಂಗೆಯೆದ್ದು ಆಗಿನ್ನೂ ಮೂರೇ ದಿನ. ತಂದೆ ಬ್ರಿಟಿಷ್ ಇಂಡಿಯಾ ಸೇನೆಯಲ್ಲಿ ಅಧಿಕಾರಿ, ಮುಂದೆ ಜನರಲ್ ಆದವರು. ಹತ್ತು ಮಕ್ಕಳಲ್ಲಿ ರೊನಾಲ್ಡ್ ಹಿರಿಯ. ಎಂಟನೇ ವಯಸ್ಸಿಗೆ ಇಂಗ್ಲೆಂಡಿನ ಬಂಧುಗಳ ಮನೆಗೆ ಕಳಿಸಿದರು.

ಹುಡುಗನಿಗೆ ಚಿತ್ರ, ಕವಿತೆ, ಸಂಗೀತದ ಹುಚ್ಚು. 14ನೇ ವಯಸ್ಸಿನಲ್ಲಿ ಗಣಿತಕ್ಕೆ ಬಹುಮಾನವಾಗಿ ಆಕಾಶಕಾಯಗಳ ಬಗೆಗಿನ ಪುಸ್ತಕವೊಂದು ಸಿಕ್ಕಿತು. ಆ ಹುಚ್ಚೂ ಜೊತೆಗೆ ಸೇರಿತು. ಅಪ್ಪನ ಲೆಕ್ಕ ಬೇರೆ. ಮಗ ಇಂಡಿಯನ್ ಮೆಡಿಕಲ್ ಸರ್ವೀಸ್ ಸೇರಬೇಕು, ಅಷ್ಟೆ. 1874ರಲ್ಲಿ ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯ ಕಾಲೇಜಿಗೆ ಸೇರಿಸಿದರು. ಓದಿನಲ್ಲಿ ಮನಸ್ಸಿರಲಿಲ್ಲ. ಒಂದು ಪರೀಕ್ಷೆಯಲ್ಲಿ ನಪಾಸಾಗಿ, ಕೆಲಕಾಲ ಹಡಗಿನ ಡಾಕ್ಟರಾಗಿದ್ದು, ಕೊನೆಗೆ 1881ರಲ್ಲಿ ಹೇಗೋ ಸರ್ವೀಸ್ ಸೇರಿ ಮದ್ರಾಸ್ ಪ್ರೆಸಿಡೆನ್ಸಿಗೆ ಬಂದಿಳಿದರು.

ಪಲ್ಟಣದ ವೈದ್ಯನಿಗೆ ಬೆಳಗಿನ ಒಂದೆರಡು ಗಂಟೆ ಕೆಲಸ ಮುಗಿದರೆ ಉಳಿದ ಹೊತ್ತು ಖಾಲಿ. ಉಳಿದವರು ಪೋಲೊ ಆಡುತ್ತಿದ್ದರು, ಶಿಕಾರಿಗೆ ಹೋಗುತ್ತಿದ್ದರು. ರಾಸ್ ಕೂಡ ಹೋಗುತ್ತಿದ್ದರು. ಆದರೆ ಹೆಚ್ಚಿನ ಹೊತ್ತು ಗಣಿತದ ಪುಸ್ತಕ ತರಿಸಿಕೊಂಡು, ಗುರುವಿಲ್ಲದೆ, ಕ್ಯಾಲ್ಕುಲಸ್ ಕಲಿತರು. ಕಾದಂಬರಿ ಬರೆದರು, ಪದ್ಯ ಬರೆದರು. ವೈದ್ಯಕೀಯಕ್ಕೆ ಉಪಯೋಗವಿಲ್ಲದ ಹವ್ಯಾಸವೆಂದು ಆಗ ಯಾರಿಗಾದರೂ ಅನಿಸಬಹುದಿತ್ತು.

1883ರಲ್ಲಿ ಅವರಿಗೆ ಬೆಂಗಳೂರು ದಂಡಿನಲ್ಲಿ ಕೆಲಸ. ವಾಸಕ್ಕೆ ಸಿಕ್ಕ ಬಂಗಲೆ ಚೆನ್ನಾಗಿಯೇ ಇತ್ತು, ಸೊಳ್ಳೆ ಕಾಟವೊಂದನ್ನು ಬಿಟ್ಟರೆ. ತಮ್ಮ ಕೋಣೆಯಲ್ಲೇ ಏಕೆ ಇಷ್ಟೊಂದು ಎಂದು ಹುಡುಕಿದಾಗ ಕಿಟಕಿಯ ಕೆಳಗೆ ನೀರಿನ ಪೀಪಾಯಿ ಕಂಡಿತು. ಅದರ ತುಂಬ ಸೊಳ್ಳೆಮರಿಗಳು ಕುಣಿಯುತ್ತಿದ್ದವು. ಪೀಪಾಯಿ ಮಗುಚಿ ಹಾಕಿದರು, ಸೊಳ್ಳೆ ಇಳಿಯಿತು. ಮೆಸ್ಸಿನಲ್ಲಿದ್ದ ಹೂದಾನಿ, ಡಬ್ಬಗಳ ನೀರನ್ನೂ ಹೀಗೇ ಚೆಲ್ಲಿಸೋಣವೆಂದು ಮೇಲಧಿಕಾರಿಗೆ ಹೇಳಿದರೆ, ಅವರು ಪ್ರಕೃತಿಯ ಏರ್ಪಾಡಿಗೆ ಕೈ ಹಾಕುವುದು ಸಲ್ಲದೆಂದು ತಳ್ಳಿಹಾಕಿದರು. ಸೊಳ್ಳೆಗೂ ಮಲೇರಿಯಾಗೂ ಸಂಬಂಧವಿದೆಯೆಂಬ ಕಲ್ಪನೆ ಆಗ ರಾಸ್‌ಗೂ ಇರಲಿಲ್ಲ. ಆದರೆ ಒಂದು ಮಾತು ಅವರ ತಲೆಯಲ್ಲಿ ಕೂತಿತು: ಸೊಳ್ಳೆಯ ಸಂಖ್ಯೆ ಹಣೆಬರಹವಲ್ಲ, ಅದನ್ನು ಇಳಿಸಬಹುದು.

ಸಿಕಂದರಾಬಾದ್, ಕಲ್ಕತ್ತ

ಮಲೇರಿಯಾದ ಪರಾವಲಂಬಿಯನ್ನು ರೋಗಿಯ ರಕ್ತದಲ್ಲಿ ಮೊದಲು ಕಂಡವರು ಫ್ರೆಂಚ್ ಸೇನಾ ವೈದ್ಯ ಲ್ಯಾವರಾನ್, 1880ರಲ್ಲಿ, ಅಲ್ಜೀರಿಯಾದಲ್ಲಿ. ರಾಸ್ ಅದನ್ನು ಬಹಳ ಕಾಲ ನಂಬಲೇ ಇಲ್ಲ. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ಸ್ಲೈಡ್ ಇಟ್ಟು ತೋರಿಸಿದರು; ಈ ಜೀವಿಯ ಮುಂದಿನ ಬದುಕು ಸೊಳ್ಳೆಯೊಳಗೆ ಇರಬೇಕೆಂಬ ತಮ್ಮ ಊಹೆಯನ್ನೂ ಹೇಳಿದರು. ಆದರೆ ಕಚ್ಚಿದ ಸೊಳ್ಳೆ ನೀರಿನಲ್ಲಿ ಬಿದ್ದು ಸತ್ತು, ಆ ನೀರು ಕುಡಿದವರಿಗೆ ಜ್ವರ ಬರುತ್ತದೆಂದು ಮ್ಯಾನ್ಸನ್ ಭಾವಿಸಿದ್ದರು. ರಾಸ್ 1895ರಲ್ಲಿ ಮರಳಿ ಬಂದು ಅದನ್ನೂ ಪರೀಕ್ಷಿಸಿದರು. ಸೊಳ್ಳೆ ಸತ್ತ ನೀರನ್ನು ಆರೋಗ್ಯವಂತ ಜನರಿಗೆ ದುಡ್ಡು ಕೊಟ್ಟು ಕುಡಿಸಿದರು. ಇಂದಿನ ಯಾವ ನೈತಿಕ ಸಮಿತಿಯೂ ಇದಕ್ಕೆ ಒಪ್ಪುತ್ತಿರಲಿಲ್ಲ. ಕುಡಿಯುವವರು ಅಧಿಕಾರಿಯ ಮಾತಿಗೆ ಇಲ್ಲವೆನ್ನುವ ಸ್ಥಿತಿಯಲ್ಲಿರಲಿಲ್ಲ ಎಂಬುದನ್ನೂ ಮರೆಯಬಾರದು.

ನಡುವೆ 1895ರ ಸೆಪ್ಟೆಂಬರಿನಲ್ಲಿ ಕಾಲರಾ ಹತೋಟಿಗೆಂದು ಬೆಂಗಳೂರಿಗೆ ಕಳಿಸಿದರು. ಚರಂಡಿ, ಬಾವಿ, ನೀರು ಸರಬರಾಜು ಇವೇ ಅಲ್ಲಿನ ಕೆಲಸ. ಸೊಳ್ಳೆಯ ಸಂಶೋಧನೆಗೆ ಇದು ಅಡ್ಡಿಯೆಂದು ರಾಸ್ ಗೊಣಗಿದರು. ಆದರೆ ಒಂದು ಇಡೀ ಊರನ್ನು ರೋಗಿಯಂತೆ ನೋಡುವ ಅಭ್ಯಾಸ ಅವರಿಗೆ ಬಂದದ್ದು ಇಲ್ಲಿ ಎಂದೇ ನನಗನಿಸುತ್ತದೆ. ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತವರಿಗೆ ಒಬ್ಬ ರೋಗಿ ಕಾಣುತ್ತಾನೆ; ಬಾವಿಗಳ ಪಟ್ಟಿ ಹಿಡಿದು ಓಡಾಡುವವರಿಗೆ ಸಂಖ್ಯೆಗಳು ಕಾಣುತ್ತವೆ.

1897ರಲ್ಲಿ ಊಟಿಯ ಬಳಿಯ ಸಿಗೂರ್ ಘಾಟ್‌ನಲ್ಲಿ ಅಲೆದು ಸ್ವತಃ ಮಲೇರಿಯಾ ಹಿಡಿಸಿಕೊಂಡು, ಚೇತರಿಸಿಕೊಂಡು ಸಿಕಂದರಾಬಾದಿಗೆ ಬಂದರು. ಸೆಕೆಗಾಲ. ಪಂಖಾ ಬೀಸಿದರೆ ಸೊಳ್ಳೆಗಳು ಹಾರಿಹೋಗುತ್ತವೆ, ಹಾಗಾಗಿ ಪಂಖಾ ಇಲ್ಲ. ಬೆವರಿಗೆ ಮೈಕ್ರೊಸ್ಕೋಪಿನ ತಿರುಪುಗಳು ತುಕ್ಕು ಹಿಡಿದಿದ್ದವು. ಮರಿಯಿಂದಲೇ ಸಾಕಿದ, ಅಂದರೆ ಸೋಂಕಿಲ್ಲದ ಸೊಳ್ಳೆಗಳನ್ನು ಆಗಸ್ಟ್ 16ರಂದು ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯನ್ನು ಕಚ್ಚಲು ಬಿಟ್ಟರು. ಕಚ್ಚಿದ ಒಂದೊಂದು ಸೊಳ್ಳೆಗೆ ಅವರಿಗೆ ಒಂದಾಣೆ. ನಾಲ್ಕು ದಿನದ ನಂತರ, 20ರಂದು, ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಕಣಗಳಿದ್ದ ದುಂಡನೆಯ ಕೋಶಗಳು ಕಂಡವು. ಮರುದಿನ ಸೀಳಿದ ಸೊಳ್ಳೆಯಲ್ಲಿ ಅವು ಇನ್ನಷ್ಟು ದೊಡ್ಡದಾಗಿದ್ದವು. ಬೆಳೆಯುತ್ತಿವೆ ಎಂದರೆ ಜೀವ ಇದೆ ಎಂದರ್ಥ.

ಅಷ್ಟರಲ್ಲಿ ರಾಜಪುತಾನಕ್ಕೆ ವರ್ಗ. ಅಲ್ಲಿ ಮಲೇರಿಯಾ ರೋಗಿಗಳೇ ಅಪರೂಪ. ಮ್ಯಾನ್ಸನ್ ಲಂಡನ್ನಿನಲ್ಲಿ ಒತ್ತಡ ತಂದ ಮೇಲೆ 1898ರಲ್ಲಿ ಕಲ್ಕತ್ತೆಗೆ ಕಳಿಸಿದರು. ಅಲ್ಲಿ ಮಹಮ್ಮದ್ ಬಕ್ಸ್ ಎಂಬ ಸಹಾಯಕರೊಂದಿಗೆ ಹಕ್ಕಿಗಳ ಮಲೇರಿಯಾದ ಮೇಲೆ ಕೆಲಸ ಮಾಡಿ, ಪರಾವಲಂಬಿ ಸೊಳ್ಳೆಯ ಹೊಟ್ಟೆಯಿಂದ ಜೊಲ್ಲುಗ್ರಂಥಿಗೆ ಬರುವುದನ್ನು, ಕಚ್ಚಿದಾಗ ಇನ್ನೊಂದು ಹಕ್ಕಿಯ ಮೈಸೇರುವುದನ್ನು ಜುಲೈ ಹೊತ್ತಿಗೆ ತೋರಿಸಿದರು. ಮನುಷ್ಯರ ಮಲೇರಿಯಾ ಹರಡುವುದು ಅನಾಫಿಲಿಸ್ ಸೊಳ್ಳೆಯೆಂದು ಅದೇ ವರ್ಷದ ಕೊನೆಗೆ ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ಸಾಬೀತುಮಾಡಿದರು. ಯಾರು ಮೊದಲು ಎಂಬ ಜಗಳ ಇಬ್ಬರ ಆಯುಷ್ಯದುದ್ದಕ್ಕೂ ನಡೆಯಿತು. 1902ರ ನೊಬೆಲ್ ರಾಸ್‌ಗೆ ಒಬ್ಬರಿಗೇ ಬಂತು; ಜಗಳ ಮಾತ್ರ ನಿಲ್ಲಲಿಲ್ಲ. ಈ ವಿಷಯದಲ್ಲಿ ರಾಸ್ ಸಣ್ಣತನ ತೋರಿದರೆಂದು ಅವರ ಅಭಿಮಾನಿಗಳೂ ಒಪ್ಪುತ್ತಾರೆ.

ಲಾಹೋರಿನ ಪಕ್ಕದ ಸೋಲು

1899ರಲ್ಲಿ ಸರ್ವೀಸ್ ಬಿಟ್ಟು ರಾಸ್ ಲಿವರ್‌ಪೂಲಿನ ಉಷ್ಣವಲಯ ರೋಗಗಳ ಶಾಲೆ ಸೇರಿದರು. ಸಿಯೆರಾ ಲಿಯೋನಿನ ಫ್ರೀಟೌನ್, ಸೂಯೆಜ್ ಕಾಲುವೆಯ ದಡದ ಇಸ್ಮಾಯಿಲಿಯಾ ಹೀಗೆ ಊರೂರು ಸುತ್ತಿ ನಿಂತ ನೀರು ತೆಗೆಸಿ, ಎಣ್ಣೆ ಸುರಿಸಿ ಎಂದು ಹೇಳತೊಡಗಿದರು. ಇಸ್ಮಾಯಿಲಿಯಾದಲ್ಲಿ ಫಲ ಚೆನ್ನಾಗಿ ಬಂತು.

ಭಾರತದಲ್ಲಿ ಹಾಗಾಗಲಿಲ್ಲ. ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡು ಪ್ರದೇಶದಲ್ಲಿ ಜೇಮ್ಸ್ ಮತ್ತು ಕ್ರಿಸ್ಟೋಫರ್ಸ್ ಎಂಬ ವೈದ್ಯಾಧಿಕಾರಿಗಳು 1902ರ ಸುಮಾರಿಗೆ ಸೊಳ್ಳೆ ನಿರ್ಮೂಲನದ ಪ್ರಯೋಗ ಹಮ್ಮಿಕೊಂಡರು. ಸುತ್ತ ನೀರಾವರಿ ಕಾಲುವೆಗಳ ಊರು. ಗುಂಡಿ ಮುಚ್ಚಿದರು, ಕಾಲುವೆ ಶುಚಿ ಮಾಡಿದರು, ವರ್ಷಗಟ್ಟಲೆ ದುಡಿದರು. ಸೊಳ್ಳೆ ಹೋಗಲಿಲ್ಲ, ಜ್ವರವೂ ಹೋಗಲಿಲ್ಲ. ಸೊಳ್ಳೆ ಹಿಡಿದು ಮಲೇರಿಯಾ ತಡೆಯುವುದು ಕೈಲಾಗದ ಮಾತು ಎಂಬ ಅಭಿಪ್ರಾಯ ಸರ್ಕಾರದಲ್ಲಿ ಬೇರೂರಿತು. 1909ರ ಶಿಮ್ಲಾ ಮಲೇರಿಯಾ ಸಮ್ಮೇಳನದಲ್ಲೂ ಇದೇ ವಾದ ನಡೆಯಿತು.

ರಾಸ್‌ಗೆ ಸಿಟ್ಟು ಬಂತು. ಪ್ರಯೋಗದ ಜಾಗ ತೀರಾ ಚಿಕ್ಕದು, ಹೊರಗಿನ ಸೊಳ್ಳೆ ಒಳಗೆ ಬರುತ್ತಲೇ ಇರುತ್ತದೆ ಎಂಬುದು ಅವರ ದೂರು. ಸರಿ, ಹಾಗಾದರೆ ಎಷ್ಟು ದೊಡ್ಡ ಜಾಗ ಬೇಕು? ಎಷ್ಟು ಸೊಳ್ಳೆ ಉಳಿದರೆ ಪರವಾಗಿಲ್ಲ? ಈ ಪ್ರಶ್ನೆಗಳಿಗೆ ಸಿಟ್ಟು ಉತ್ತರವಾಗುವುದಿಲ್ಲ. ಮದ್ರಾಸಿನ ಖಾಲಿ ಮಧ್ಯಾಹ್ನಗಳಲ್ಲಿ ಕಲಿತ ಗಣಿತ ಈಗ ಹೊರಬಂತು.

ಮೊದಲ ಪ್ರಶ್ನೆಯನ್ನು ಅವರು 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನಡೆದ ವಿಜ್ಞಾನ ಸಮ್ಮೇಳನದಲ್ಲಿ ಎತ್ತಿದರು. ಸೊಳ್ಳೆಗೆ ಗೊತ್ತಾದ ದಾರಿಯಿಲ್ಲ. ಒಮ್ಮೆ ಅತ್ತ, ಒಮ್ಮೆ ಇತ್ತ ಹಾರುತ್ತದೆ. ಒಂದೊಂದು ಹಾರಾಟ 10 ಮೀಟರ್ ಎಂದುಕೊಳ್ಳಿ. 100 ಸಲ ಹಾರಿದರೆ 1,000 ಮೀಟರ್ ದೂರ ಹೋಗಿರುತ್ತದೆಯೇ? ಇಲ್ಲ. ದಿಕ್ಕು ಬದಲಾಗುತ್ತಲೇ ಇರುವುದರಿಂದ ಹೊರಟ ಜಾಗದಿಂದ ಸುಮಾರು 100 ಮೀಟರ್ ಸುತ್ತಿನಲ್ಲೇ ಉಳಿದಿರುತ್ತದೆ. ಹಾಗಾಗಿ ಸಾಕಷ್ಟು ಅಗಲದ ಪ್ರದೇಶ ಶುಚಿ ಮಾಡಿದರೆ ನಡುವಿನ ಜನರಿಗೆ ರಕ್ಷಣೆ ಸಿಗಲೇಬೇಕು. ಇದರ ಪೂರ್ತಿ ಲೆಕ್ಕ ತಮ್ಮ ಕೈಗೆ ಮೀರಿದ್ದೆಂದು ರಾಸ್ ಲಂಡನ್ನಿನ ಗಣಿತಜ್ಞ ಕಾರ್ಲ್ ಪಿಯರ್ಸನ್ ಮುಂದಿಟ್ಟರು. 1905ರಲ್ಲಿ ಪಿಯರ್ಸನ್ ಅದನ್ನು ನೇಚರ್ ಪತ್ರಿಕೆಯ ಓದುಗರಿಗೆ ಒಗಟಿನಂತೆ ಕೇಳಿದರು. ಸ್ವಲ್ಪವೇ ಬೇರೆ ರೂಪದಲ್ಲಿ ಅದನ್ನು ಬಿಡಿಸಿಟ್ಟಿದ್ದೇನೆಂದು ಭೌತವಿಜ್ಞಾನಿ ಲಾರ್ಡ್ ರೇಲಿ ಉತ್ತರ ಕೊಟ್ಟರು. ಇಂದು ಷೇರು ಮಾರುಕಟ್ಟೆಯವರೂ ಬಳಸುವ ‘ರ‍್ಯಾಂಡಮ್ ವಾಕ್’ ಎಂಬ ಹೆಸರು ಹುಟ್ಟಿದ್ದು ಹೀಗೆ.

48 ಸೊಳ್ಳೆಗಳಲ್ಲಿ ಒಂದು

ಎರಡನೇ ಪ್ರಶ್ನೆ ಇನ್ನೂ ದೊಡ್ಡದು. ಅದರ ಬೆನ್ನು ಹತ್ತಲು ಅವಕಾಶ ಸಿಕ್ಕಿದ್ದು ಮಾರಿಷಸ್‌ನಲ್ಲಿ. 1860ರ ದಶಕದಲ್ಲಿ ಭೀಕರ ಮಲೇರಿಯಾ ಪಿಡುಗನ್ನು ಕಂಡಿದ್ದ ದ್ವೀಪ ಅದು. ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದವರು ಬಹುಪಾಲು ಭಾರತದಿಂದ ಹೋದ ಕೂಲಿಗಳು ಮತ್ತು ಅವರ ಮಕ್ಕಳು. 1907ರ ಕೊನೆಗೆ ರಾಸ್ ಅಲ್ಲಿಗೆ ಹೋಗಿ ಸುಮಾರು ಮೂರು ತಿಂಗಳಿದ್ದು, ಮಕ್ಕಳ ಹೊಟ್ಟೆ ಮುಟ್ಟಿ ಗುಲ್ಮ ಊದಿದೆಯೇ ನೋಡಿ, ಊರಿನಲ್ಲಿ ಸೋಂಕು ಎಷ್ಟಿದೆಯೆಂದು ಅಂದಾಜು ಮಾಡಿದರು. 1908ರ ವರದಿಯಲ್ಲಿ ಚರಂಡಿಯ ಖರ್ಚಿನ ಜೊತೆಗೇ ಬೀಜಗಣಿತವೂ ಇತ್ತು. 1910ರ ‘ಮಲೇರಿಯಾ ತಡೆ’ ಎಂಬ ಅರ್ಥದ ಪುಸ್ತಕದಲ್ಲಿ ಅದು ಇನ್ನಷ್ಟು ಬೆಳೆಯಿತು.

ಅವರ ಲೆಕ್ಕದ ಬುಡ ಹೀಗಿದೆ. ಒಬ್ಬ ರೋಗಿಯ ಆಸುಪಾಸಿನಲ್ಲಿ 48 ಅನಾಫಿಲಿಸ್ ಸೊಳ್ಳೆಗಳಿವೆ ಎನ್ನಿ. ಎಲ್ಲವೂ ಅವನನ್ನು ಕಚ್ಚುವುದಿಲ್ಲ. ನಾಲ್ಕರಲ್ಲೊಂದು, ಅಂದರೆ 12 ಕಚ್ಚುತ್ತವೆ. ಹೀರಿದ ಪರಾವಲಂಬಿ ಸೊಳ್ಳೆಯೊಳಗೆ ಬೆಳೆದು ಜೊಲ್ಲಿಗೆ ಬರಲು ಹತ್ತು ದಿನವಾದರೂ ಬೇಕು. ಅಷ್ಟು ದಿನ ಬದುಕುವುದು ಮೂರರಲ್ಲೊಂದು, ಉಳಿದವು 4. ಇವುಗಳಲ್ಲಿ ಮತ್ತೆ ಮನುಷ್ಯನನ್ನು ಕಚ್ಚಲು ಸಾಧ್ಯವಾಗುವುದು ನಾಲ್ಕರಲ್ಲೊಂದಕ್ಕೆ. 48ರಿಂದ 12, 12ರಿಂದ 4, ಕೊನೆಗೆ 1.

ಅಂಕಿಗಳು ಅಂದಾಜಿನವು, ಅದು ರಾಸ್‌ಗೂ ಗೊತ್ತಿತ್ತು. ಆದರೆ ಒಂದು ವಿಷಯ ಎದ್ದು ಕಾಣುತ್ತದೆ. ಸೊಳ್ಳೆಗಳ ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗಿಳಿದರೆ, ಒಬ್ಬ ರೋಗಿ ತಾನು ಗುಣವಾಗುವುದರೊಳಗೆ ತನ್ನ ಬದಲಿಗೆ ಇನ್ನೊಬ್ಬ ರೋಗಿಯನ್ನು ಹುಟ್ಟಿಸಲಾರ. ಆಗ ಸೊಳ್ಳೆ ಇದ್ದರೂ ಮಲೇರಿಯಾ ತಾನಾಗಿ ಆರಿಹೋಗುತ್ತದೆ. ಕೊನೆಯ ಸೊಳ್ಳೆಯನ್ನು ಕೊಲ್ಲಬೇಕಾಗಿಲ್ಲ. ಇದು ರಾಸ್ ಬದುಕಿನ ಎರಡನೇ ಶೋಧ. ನನ್ನ ಮಟ್ಟಿಗೆ ಮೊದಲನೆಯದಕ್ಕೆ ಸಮ.

1911ರಲ್ಲಿ ಪುಸ್ತಕದ ಎರಡನೇ ಮುದ್ರಣದಲ್ಲಿ ಮತ್ತು ನೇಚರ್ ಪತ್ರಿಕೆಯಲ್ಲಿ ಅವರು ಇದನ್ನು ಎರಡು ಡಿಫರೆನ್ಷಿಯಲ್ ಸಮೀಕರಣಗಳಾಗಿ ಬರೆದರು. ಕನ್ನಡದ ಗಣಿತ ಪುಸ್ತಕಗಳು ಇದನ್ನು ಅವಕಲ ಸಮೀಕರಣ ಎನ್ನುತ್ತವೆ. ಹೆಸರಿಗೆ ಹೆದರಬೇಡಿ. ನಿಮ್ಮ ಮನೆಯ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಒಂದು ಕಡೆಯಿಂದ ನೀರು ಬರುತ್ತಿದೆ, ಇನ್ನೊಂದು ಕಡೆ ಹೋಗುತ್ತಿದೆ. ಈ ಕ್ಷಣದಲ್ಲಿ ಮಟ್ಟ ಎಷ್ಟು ವೇಗವಾಗಿ ಬದಲಾಗುತ್ತಿದೆ ಎಂದರೆ, ಬರುವ ನೀರಿನಿಂದ ಹೋಗುವ ನೀರನ್ನು ಕಳೆದರೆ ಆಯಿತು. ಇಷ್ಟನ್ನೇ ಸಂಕೇತಗಳಲ್ಲಿ ಬರೆದರೆ ಅದು ಅವಕಲ ಸಮೀಕರಣ. ಲೋಟದಲ್ಲಿನ ಕಾಫಿ ಬಿಸಿ ಇದ್ದಷ್ಟೂ ಬೇಗ ತಣಿಯುತ್ತದೆ, ಆರಿದಂತೆ ನಿಧಾನವಾಗುತ್ತದೆ. ಅದಕ್ಕೂ ಇದೇ ಜಾತಿಯ ಸಮೀಕರಣ. ಈಗಿನ ಸ್ಥಿತಿ ಗೊತ್ತು, ಬದಲಾವಣೆಯ ನಿಯಮ ಗೊತ್ತು ಎಂದಾದರೆ ಮುಂದಿನ ಸ್ಥಿತಿಯನ್ನು ಹೆಜ್ಜೆ ಹೆಜ್ಜೆಯಾಗಿ ಕಟ್ಟಬಹುದು.

ರಾಸ್ ಟ್ಯಾಂಕಿನಲ್ಲಿ ನೀರಿನ ಬದಲು ಸೋಂಕಿತ ಜನರಿದ್ದಾರೆ. ಒಳಹರಿವು ಹೊಸ ಸೋಂಕು. ಅದು ಸೋಂಕಿನ ಸೊಳ್ಳೆ ಎಷ್ಟಿವೆ, ಇನ್ನೂ ಆರೋಗ್ಯವಾಗಿರುವ ಜನ ಎಷ್ಟಿದ್ದಾರೆ ಎಂಬ ಎರಡನ್ನೂ ಅವಲಂಬಿಸಿದೆ. ಹೊರಹರಿವು ಗುಣವಾಗುವಿಕೆ. ಪಕ್ಕದಲ್ಲಿ ಇನ್ನೊಂದು ಟ್ಯಾಂಕ್, ಸೊಳ್ಳೆಗಳದ್ದು. ಅದರ ಒಳಹರಿವು ಸೋಂಕಿತ ಜನರಿಂದ, ಹೊರಹರಿವು ಸೊಳ್ಳೆಯ ಸಾವಿನಿಂದ. ಒಂದರ ಮಟ್ಟ ಇನ್ನೊಂದರ ನಲ್ಲಿಯನ್ನು ತಿರುಗಿಸುತ್ತಿರುತ್ತದೆ. ಜ್ವರ ಬಂದವರಿಗೆ ಬೇಗ ರಕ್ತಪರೀಕ್ಷೆ ಮಾಡಿಸಿ ಪೂರ್ತಿ ಔಷಧಿ ಕೊಡುವುದು ಏಕೆ ಇಡೀ ಊರಿಗೆ ಒಳ್ಳೆಯದು ಎಂಬುದೂ ಇಲ್ಲಿ ಕಾಣುತ್ತದೆ: ಅದು ಮೊದಲ ಟ್ಯಾಂಕಿನ ಹೊರಹರಿವನ್ನು ಹಿಗ್ಗಿಸುತ್ತದೆ.

ಅರ್ಧ ಕೊಂದರೂ ಏನೂ ಆಗದಿರುವುದು ಏಕೆ?

ಸಮೀಕರಣವನ್ನು ತೀರಾ ಸರಳಗೊಳಿಸಿ ಒಂದು ಲೆಕ್ಕ ನೋಡೋಣ. ಸುತ್ತಲಿನವರೆಲ್ಲ ಆರೋಗ್ಯವಂತರಾಗಿದ್ದರೆ ಒಬ್ಬ ರೋಗಿಯಿಂದ, ಅವನು ಗುಣವಾಗುವುದರೊಳಗೆ, ಸೊಳ್ಳೆಗಳ ಮೂಲಕ 8 ಜನರಿಗೆ ಸೋಂಕು ತಗಲುತ್ತದೆ ಎನ್ನೋಣ. ರೋಗ ಊರಲ್ಲಿ ಬೇರೂರಿ ಒಂದು ಮಟ್ಟಕ್ಕೆ ನಿಂತ ಮೇಲೆ ಒಬ್ಬ ರೋಗಿಯಿಂದ ಸರಿಯಾಗಿ ಒಬ್ಬನಿಗೇ ಹೊಸದಾಗಿ ತಗಲುತ್ತಿರಬೇಕು. ಇಲ್ಲವಾದರೆ ಮಟ್ಟ ಏರುತ್ತದೆ ಅಥವಾ ಇಳಿಯುತ್ತದೆ. ಅಂದರೆ ಸೊಳ್ಳೆ ತಲುಪುವ 8 ಜನರಲ್ಲಿ 7 ಜನ ಆಗಲೇ ಸೋಂಕಿತರು. 100ಕ್ಕೆ ಸುಮಾರು 88 ಜನರಲ್ಲಿ ಪರಾವಲಂಬಿ ಇರುತ್ತದೆ.

ಈಗ ಕಷ್ಟಪಟ್ಟು ಸೊಳ್ಳೆಗಳನ್ನು ಅರ್ಧಕ್ಕೆ ಇಳಿಸಿದಿರಿ. 8 ಇದ್ದದ್ದು 4 ಆಯಿತು. ಸೋಂಕಿತರು 88ರಿಂದ 75ಕ್ಕೆ ಬಂದರು. ಇಷ್ಟು ಖರ್ಚಿಗೆ ಇಷ್ಟೇನಾ ಎಂದು ನಗರಸಭೆಯಲ್ಲಿ ಗಲಾಟೆಯಾಗುತ್ತದೆ. ಮತ್ತೆ ಅರ್ಧ ಮಾಡಿದರೆ 2, ಸೋಂಕಿತರು 50. ಇನ್ನೊಂದು ಸಲ ಅರ್ಧ ಮಾಡಿದರೆ 1. ಸೋಂಕು ಸೊನ್ನೆಯತ್ತ ಜಾರುತ್ತದೆ. ಪ್ರತಿ ಸಲವೂ ಅರ್ಧವೇ. ಫಲ ಮಾತ್ರ ಮೊದಲು 13, ಆಮೇಲೆ 25, ಕೊನೆಗೆ 50. ಮೊದಲ ಸುತ್ತಿನಲ್ಲೇ ಕೈಬಿಟ್ಟವರಿಗೆ ಈ ಕೆಲಸ ವ್ಯರ್ಥವೆಂದೇ ಕಾಣುತ್ತದೆ. ಮಿಯಾನ್ ಮೀರ್‌ನಂಥ ಪ್ರಯೋಗಗಳನ್ನು ಈ ಲೆಕ್ಕವಿಲ್ಲದೆ ತೂಗಲು ಹೋದರೆ ತಪ್ಪು ತೀರ್ಪು ಬರುವುದು ಸಹಜ. ಸೊಳ್ಳೆಗಳ ಸಂಖ್ಯೆಗೂ ರೋಗದ ಸಂಖ್ಯೆಗೂ ನೇರ ಅನುಪಾತವಿಲ್ಲ ಎಂಬುದನ್ನು ಕಣ್ಣಳತೆಯಿಂದ ಯಾರೂ ಕಂಡುಹಿಡಿಯಲಾರರು.

ವೈದ್ಯರಿಗೆ ಈ ಗಣಿತ ಹಿಡಿಸಲಿಲ್ಲ, ಗಣಿತಜ್ಞರಿಗೆ ಮಲೇರಿಯಾದಲ್ಲಿ ಆಸಕ್ತಿಯಿರಲಿಲ್ಲ. ಆದರೂ ರಾಸ್ ಬಿಡಲಿಲ್ಲ. 1911ರಲ್ಲಿ ಸರ್ ಪದವಿ ಬಂತು. 1914ರ ಆಗಸ್ಟಿನಲ್ಲಿ, ಮಹಾಯುದ್ಧದ ಮೊದಲ ವಾರಗಳಲ್ಲೇ, ಹಿರಿಯ ಮಗ ಫ್ರಾನ್ಸಿನ ಲ ಕಾಟೋ ಕದನದಲ್ಲಿ ತೀರಿಕೊಂಡ. ಯುದ್ಧದ ನಡುವೆಯೇ, 1916 ಮತ್ತು 1917ರಲ್ಲಿ, ಯಾವ ಸಾಂಕ್ರಾಮಿಕಕ್ಕಾದರೂ ಹೊಂದುವ ಸಾಮಾನ್ಯ ಸಿದ್ಧಾಂತವೊಂದನ್ನು ರಾಯಲ್ ಸೊಸೈಟಿಯಲ್ಲಿ ಪ್ರಕಟಿಸಿದರು. ಗಣಿತ ತೊಡಕಾದಾಗ ಕೈಜೋಡಿಸಿದವರು ಹಿಲ್ಡಾ ಹಡ್ಸನ್ ಎಂಬ ಕೇಂಬ್ರಿಜ್‌ನಲ್ಲಿ ಓದಿದ ಗಣಿತಜ್ಞೆ. ರಾಸ್ ಹೆಸರಿನ ನೆರಳಿನಲ್ಲಿ ಅವರ ಹೆಸರು ಮಂಕಾಗಿದೆ.

ಮುಂಬೈ ಪ್ಲೇಗಿನ ವಕ್ರರೇಖೆ

ರಾಸ್ ಗಣಿತ ನಿಜಕ್ಕೂ ಮೊಳೆತದ್ದು ಅವರ ಕಿರಿಯ ಒಡನಾಡಿಯ ಕೈಯಲ್ಲಿ. ಆಂಡರ್ಸನ್ ಮೆಕೆಂಡ್ರಿಕ್ ಎಂಬ ಯುವ ವೈದ್ಯರು 1901ರಲ್ಲಿ ರಾಸ್ ಜೊತೆ ಸಿಯೆರಾ ಲಿಯೋನಿಗೆ ಹೋಗಿದ್ದರು. ಗಣಿತ ಕಲಿಯುವಂತೆ ಅವರನ್ನು ಹುರಿದುಂಬಿಸಿದವರು ರಾಸ್. ಮೆಕೆಂಡ್ರಿಕ್ ಭಾರತದಲ್ಲೇ ವರ್ಷಗಟ್ಟಲೆ ಸೇವೆ ಸಲ್ಲಿಸಿ, ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿದ್ದು, ಆರೋಗ್ಯ ಕೆಟ್ಟು 1920ರಲ್ಲಿ ಎಡಿನ್‌ಬರೊ ಸೇರಿದರು. ಅಲ್ಲಿ ವಿಲಿಯಂ ಕರ್ಮ್ಯಾಕ್ ಸಿಕ್ಕರು. ಪ್ರಯೋಗಾಲಯದ ಅಪಘಾತದಲ್ಲಿ 1924ರಲ್ಲಿ ಕಣ್ಣು ಕಳೆದುಕೊಂಡಿದ್ದ ಕರ್ಮ್ಯಾಕ್, ಸಮೀಕರಣಗಳನ್ನು ಮನಸ್ಸಿನಲ್ಲೇ ಬಿಡಿಸುತ್ತಿದ್ದರು.

ಇಬ್ಬರೂ ಸೇರಿ 1927ರಲ್ಲಿ ಬರೆದ ಲೇಖನದಲ್ಲಿ ಒಂದು ನಕ್ಷೆ ಇದೆ. 1905ರ ಡಿಸೆಂಬರಿನಿಂದ 1906ರ ಜುಲೈವರೆಗೆ ಮುಂಬೈ ದ್ವೀಪದಲ್ಲಿ ಪ್ಲೇಗಿಗೆ ಬಲಿಯಾದವರ ವಾರವಾರದ ಸಂಖ್ಯೆ ಚುಕ್ಕೆಗಳಾಗಿವೆ. ಅವುಗಳ ಮೇಲೆ ಸಮೀಕರಣ ಎಳೆದ ಗಂಟೆಯಾಕಾರದ ಗೆರೆ. ಎರಡೂ ಬಹುತೇಕ ಹೊಂದಿಕೊಳ್ಳುತ್ತವೆ. ಸೋಂಕು ತಗಲಬಹುದಾದವರು, ಸೋಂಕಿತರು, ಗುಣವಾದವರು ಅಥವಾ ಸತ್ತವರು ಎಂದು ಊರನ್ನು ಮೂರು ಟ್ಯಾಂಕ್ ಮಾಡುವ ಈ ಮಾದರಿಯೇ ಕೋವಿಡ್ ಕಾಲದಲ್ಲಿ ಮತ್ತೆ ಬಳಕೆಗೆ ಬಂದದ್ದು. ಟಿವಿಯಲ್ಲಿ ದಿನಾ ಕೇಳುತ್ತಿದ್ದ ಆರ್ ಸಂಖ್ಯೆ ಒಂದಕ್ಕಿಂತ ಕೆಳಗಿಳಿಯಬೇಕು ಎಂಬ ಮಾತಿನ ಬೇರು ರಾಸ್ ಅವರ 48 ಸೊಳ್ಳೆಗಳ ಲೆಕ್ಕದಲ್ಲಿದೆ.

ಮುಂಬೈಗೆ ರಾಸ್ ಕಾಲದ ಇನ್ನೊಂದು ಪಾಠವೂ ಉಂಟು. ನಗರದ ಮಲೇರಿಯಾಗೆ ಮನೆಯಂಗಳದ ಬಾವಿಗಳಲ್ಲಿ ಹುಟ್ಟುವ ಅನಾಫಿಲಿಸ್ ಸ್ಟೀಫೆನ್ಸೈ ಸೊಳ್ಳೆ ಕಾರಣವೆಂದು 1911ರ ವರದಿಯಲ್ಲಿ ಚಾರ್ಲ್ಸ್ ಬೆಂಟ್ಲಿ ತೋರಿಸಿದರು. ಬಾವಿ ಮುಚ್ಚಿಸುವುದಕ್ಕೆ ಧಾರ್ಮಿಕ ಕಾರಣಗಳಿಂದ ಆಕ್ಷೇಪಣೆಯೂ ಬಂತು. ಚೆನ್ನೈ, ಮುಂಬೈ, ಬೆಂಗಳೂರು ಯಾವ ಊರಾದರೂ ಇಂದಿಗೂ ನಗರದ ಮಲೇರಿಯಾ ಹರಡುವುದು ಇದೇ ಸೊಳ್ಳೆ. ಬಾವಿಯ ಜಾಗಕ್ಕೆ ಮುಚ್ಚಳವಿಲ್ಲದ ಓವರ್‌ಹೆಡ್ ಟ್ಯಾಂಕ್, ಸಂಪು, ಕಟ್ಟಡ ಕೆಲಸದ ನೀರಿನ ತೊಟ್ಟಿ ಬಂದಿವೆ.

ರಾಸ್ ಕಾಣದೆ ಹೋದದ್ದು

ರಾಸ್ ಕೊನೆಯ ವರ್ಷಗಳು ನೆಮ್ಮದಿಯವಲ್ಲ. ಸಿಡುಬಿನ ಲಸಿಕೆಗಾಗಿ ಜೆನ್ನರ್‌ಗೆ ಹಿಂದೆ ಕೊಟ್ಟಂತೆ ತಮಗೂ ಸಂಸತ್ತು ಹಣದ ಗೌರವ ಕೊಡಬೇಕೆಂದು ಕೇಳಿ ನಿರಾಶರಾದರು. 1923ರಲ್ಲಿ ಆತ್ಮಕಥೆ ಬರೆದರು. ಅದರಲ್ಲಿ ಹಳೆಯ ಜಗಳಗಳಿಗೆ ಬೇಕಾದಷ್ಟು ಜಾಗವಿದೆ. 1926ರಲ್ಲಿ ಲಂಡನ್ನಿನ ಪಟ್ನಿಯಲ್ಲಿ ಅವರ ಹೆಸರಿನ ಸಂಸ್ಥೆಯೂ ಆಸ್ಪತ್ರೆಯೂ ತೆರೆದವು. ತಮ್ಮ ಕಾಗದಪತ್ರಗಳನ್ನು 1928ರಲ್ಲಿ ಮಾರಿದರು. 1932ರ ಸೆಪ್ಟೆಂಬರ್ 16ರಂದು, 75ನೇ ವಯಸ್ಸಿನಲ್ಲಿ ತೀರಿಕೊಂಡರು.

ಸಮೀಕರಣಗಳನ್ನು ಮುಂದಕ್ಕೆ ಒಯ್ದವರು ಅದೇ ರಾಸ್ ಸಂಸ್ಥೆಯ ನಿರ್ದೇಶಕರಾದ ಜಾರ್ಜ್ ಮ್ಯಾಕ್‌ಡೊನಾಲ್ಡ್, 1950ರ ದಶಕದಲ್ಲಿ. ರಾಸ್ ಮರಿಗಳ ಮೇಲೆ ಕಣ್ಣಿಟ್ಟಿದ್ದರು. ಮ್ಯಾಕ್‌ಡೊನಾಲ್ಡ್ ಅದೇ ಲೆಕ್ಕವನ್ನು ತಿರುವಿ ನೋಡಿ, ಸೊಳ್ಳೆ ಎಷ್ಟಿವೆ ಎಂಬುದಕ್ಕಿಂತ ಎಷ್ಟು ದಿನ ಬದುಕುತ್ತವೆ ಎಂಬುದು ಮುಖ್ಯ ಎಂದು ತೋರಿಸಿದರು. ದಿನಕ್ಕೆ 100ರಲ್ಲಿ 90 ಸೊಳ್ಳೆ ಬದುಕಿ ಉಳಿದರೆ ಹತ್ತು ದಿನ ದಾಟುವುದು ಸುಮಾರು 35. ಇದು ರಾಸ್ ಊಹಿಸಿದ ಮೂರರಲ್ಲೊಂದಕ್ಕೆ ಹತ್ತಿರವೇ. ದಿನಕ್ಕೆ 80 ಉಳಿಯುವಂತೆ ಮಾಡಿದರೆ ಹತ್ತು ದಿನ ದಾಟುವುದು ಸುಮಾರು 11 ಮಾತ್ರ. ದಿನದ ಬದುಕಿನಲ್ಲಿ ಸಣ್ಣ ಕಡಿತ, ಫಲಿತಾಂಶದಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಕೆ. ಗೋಡೆಗೆ ಔಷಧಿ ಸಿಂಪಡಿಸುವುದು, ಕೀಟನಾಶಕ ಹಚ್ಚಿದ ಸೊಳ್ಳೆಪರದೆ ಕೊಡುವುದು ಈ ಲೆಕ್ಕದ ಮೇಲೆ ನಿಂತಿವೆ.

ಸ್ವಾತಂತ್ರ್ಯದ ಹೊತ್ತಿಗೆ ಭಾರತದಲ್ಲಿ ವರ್ಷಕ್ಕೆ ಅಂದಾಜು 7.5 ಕೋಟಿ ಮಲೇರಿಯಾ ಪ್ರಕರಣ, 8 ಲಕ್ಷ ಸಾವು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಡಿಡಿಟಿ ಹಿಡಿದು ಹೊರಟಿತು. 1960ರ ದಶಕದ ಮಧ್ಯಕ್ಕೆ ಪ್ರಕರಣಗಳು ಸುಮಾರು 1 ಲಕ್ಷಕ್ಕೆ ಇಳಿದವು. ಡಿಡಿಟಿಗೆ ಸೊಳ್ಳೆಗಳು ಒಗ್ಗಿಕೊಂಡವು, ನಿಗಾ ಸಡಿಲವಾಯಿತು. 1976ರಲ್ಲಿ ಮತ್ತೆ 64 ಲಕ್ಷ. ಸೊಳ್ಳೆಯ ಬದುಕು ಮತ್ತೆ ಗಡಿ ದಾಟಿದ ಕೂಡಲೇ ಟ್ಯಾಂಕ್ ತುಂಬತೊಡಗಿತ್ತು.

ಕೊಲ್ಕತ್ತದ ಎಸ್‌ಎಸ್‌ಕೆಎಂ ಆಸ್ಪತ್ರೆಯ ಗೋಡೆಯಲ್ಲಿ 1927ರಲ್ಲಿ ರಾಸ್ ಇದ್ದಾಗಲೇ ಅನಾವರಣವಾದ ದ್ವಾರವಿದೆ. ಅಲ್ಲಿಂದ 70 ಗಜ ದೂರದ ಸಣ್ಣ ಪ್ರಯೋಗಾಲಯದಲ್ಲಿ ಮಲೇರಿಯಾ ಸೊಳ್ಳೆಯಿಂದ ಹರಡುವ ಬಗೆ ಗೊತ್ತಾಯಿತೆಂದು ಅದರ ಕಲ್ಲು ಹೇಳುತ್ತದೆ. ಬೇಗಂಪೇಟೆಯ ಹಳೆಯ ಕಟ್ಟಡಕ್ಕೂ, ಹೈದರಾಬಾದಿನ ನಲ್ಲಕುಂಟದಲ್ಲಿ ಜನ ಫೀವರ್ ಹಾಸ್ಪಿಟಲ್ ಎಂದೇ ಕರೆಯುವ ಆಸ್ಪತ್ರೆಗೂ ಅವರ ಹೆಸರಿದೆ. ಮಲೇರಿಯಾದ ಮಾದರಿ ಕಟ್ಟುವವರು ಮಾತ್ರ ಇಂದಿಗೂ ತಮ್ಮ ಮೊದಲ ಪುಟದ ಸಮೀಕರಣಕ್ಕೆ ರಾಸ್–ಮ್ಯಾಕ್‌ಡೊನಾಲ್ಡ್ ಮಾದರಿ ಎಂದು ಬರೆದು ಕೆಲಸ ಶುರು ಮಾಡುತ್ತಾರೆ.